ಮೀನಿನ ಹಣೆಯ ವಿಭೂತಿ

“ಐದೂವರೆಯೊಳಗೆ ಡಬ್ಬಿಗೆ ಬೀಳಬೇಕು, ಸೂರಜ. ಆಮೇಲೆ ಇವತ್ತಿನ ಟಪಾಲು ಎತ್ತೋದಿಲ್ಲ.”

ನೀರಜಾ ಕಂದು ಕವರನ್ನು ಅವನ ಕೈಗಿಟ್ಟಳು. ಇಟ್ಟಳೇ ಹೊರತು ಬಿಡಲಿಲ್ಲ. ಒಂದು ಕ್ಷಣ ಇಬ್ಬರೂ ಅದರ ಒಂದೊಂದು ತುದಿ ಹಿಡಿದು ಕೂತರು. ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸ್ಲೈಡು ಹಿಡಿದ ಕೈ ಅದು. ಹಿಡಿದದ್ದನ್ನು ಸುಲಭಕ್ಕೆ ಬಿಡುವುದಲ್ಲ.

ಕಾರು ಸ್ಟ್ಯಾನ್ಮೋರಿನ ಇಳಿಜಾರು ರಸ್ತೆಯಲ್ಲಿ, ಡಾಕ್ಟರ್ ಶ್ರೀರಂಗ ಅವರ ಗೇಟಿನಿಂದ ಎರಡು ಮನೆ ಆಚೆಗೆ ನಿಂತಿತ್ತು. ಬೇಕೆಂದೇ ಅಲ್ಲಿ ನಿಲ್ಲಿಸಲು ಹೇಳಿದ್ದಳು. ಸೂರಜ ಕವರಿನ ಮೇಲಿನ ವಿಳಾಸ ಓದಿದ. ಅಸಹಜ ಸಾವುಗಳ ವಿಚಾರಣೆ ನಡೆಸುವ ಕೊರೋನರ್ ಕಚೇರಿಯದು.

“ವಾಟ್ಸ್ ಇನ್ ಇಟ್, ಆಂಟಿ?”

“ಶ್ರೀರಂಗ ಅಂಕಲ್ ಸುಳ್ಳು ಹೇಳಿದಾರೆ ಅನ್ನೋದಕ್ಕೆ ಸಾಕ್ಷಿ. ಅವತ್ತು ಸಂಜೆ ಅವರೂ ನಿಮ್ಮಪ್ಪನ ಹತ್ರಾನೇ ಇದ್ರು. ಇನ್ನು ಯಾರೂ ನಿನ್ನೊಬ್ಬನ ಕಡೆ ಬೆರಳು ತೋರಿಸೋ ಹಾಗಿಲ್ಲ.”

ಸೂರಜ ತಲೆಯಾಡಿಸಿದ. ಕವರನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ನಿಂತ ಕಾರಿನ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಾಪ, ಹುಡುಗ ಅಪ್ಪನನ್ನು ನೆನೆಸಿಕೊಂಡ ಎಂದುಕೊಂಡು ನೀರಜಾ ಇಳಿದಳು.

ಹುಡುಗ ಎಂದರೆ ಇಪ್ಪತ್ತಾರು ವರ್ಷದವನು. ನಾಲ್ಕು ತಿಂಗಳ ಹಿಂದೆ, ತೊಂಬತ್ತೆಂಟರ ಫೆಬ್ರವರಿಯಲ್ಲಿ, ಅವನ ತಂದೆ ಡಾಕ್ಟರ್ ಮುರಿಗೆಪ್ಪ ಮಗ ಮತ್ತು ಗೆಳೆಯ ಶ್ರೀರಂಗರ ಜೊತೆ ದಕ್ಷಿಣ ಅಮೆರಿಕದ ಕಟ್ಟಕಡೆಯ ತುದಿಯಲ್ಲಿರುವ ಮೀನು ಹಿಡಿಯುವವರ ಲಾಡ್ಜಿಗೆ ಹೋಗಿ, ನದಿಯಲ್ಲಿ ಮುಳುಗಿ, ಹೆಣವಾಗಿ ಮರಳಿದ್ದರು. ನದಿಯಲ್ಲಿ ಅವರ ಜೊತೆಗಿದ್ದವನು ಈ ಮಗನೊಬ್ಬನೇ ಎಂದು ಲಾಡ್ಜಿನ ಪುಸ್ತಕ ಹೇಳುತ್ತಿತ್ತು. ಸಾವಿನ ದಿನ ಬೆಳಿಗ್ಗೆ ತಂದೆ ಮಗ ಜಗಳವಾಡಿದ್ದನ್ನು ಅಡುಗೆಯವಳು ಕೇಳಿದ್ದಳು. ಏನು ಜಗಳ ಎಂದರೆ ಸೂರಜ ಬಾಯಿ ಬಿಡುತ್ತಿರಲಿಲ್ಲ. ತಾನು ನಾಲ್ಕು ಗಂಟೆಗೇ ನದಿಯಿಂದ ನಡೆದು ಬಂದು ಕೋಣೆಯಲ್ಲಿ ಮಲಗಿದ್ದೆ ಎಂಬುದಷ್ಟೇ ಅವನ ಹೇಳಿಕೆ. ನೋಡಿದವರು ಯಾರೂ ಇಲ್ಲ.

ನಾಡಿದ್ದು ಶುಕ್ರವಾರ ವಿಚಾರಣೆ. ಹೀಗೇ ಬಿಟ್ಟರೆ ಅವತ್ತು ಸಂಜೆಯೊಳಗೆ ತಂದೆಯನ್ನು ಕೊಂದ ಮಗ ಎಂಬ ಹೆಸರು ಅವನಿಗೆ ಅಂಟುತ್ತಿತ್ತು. ಹೆಸರಿನ ಬೆನ್ನಿಗೇ ಪೊಲೀಸರು ಬರುತ್ತಿದ್ದರು.

ಹೋದ ಭಾನುವಾರ ಸೂರಜನ ತಾಯಿ ರತ್ನವ್ವ ಪಿನ್ನರ್‌ನಲ್ಲಿ ನೀರಜಾಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದ್ದು ಒಂದೇ ಮಾತು. “ಗಂಡನ್ನಂತೂ ಕಳಕೊಂಡೆ, ಅಕ್ಕಾರ. ಮಗನ್ನ ಉಳಿಸಿಕೊಡ್ರಿ.”

ಬರುವಾಗ ಒಂದು ಚೀಲ ತಂದಿದ್ದಳು. ಅದರಲ್ಲಿ ಮುರಿಗೆಪ್ಪನವರ ಸೊಂಟದ ಬೆಲ್ಟು. ಈ ಮೀನಿನವರು ನೀರಿಗಿಳಿಯುವಾಗ ಎದೆಯವರೆಗೆ ಬರುವ ರಬ್ಬರಿನ ಪ್ಯಾಂಟು ತೊಡುತ್ತಾರೆ, ಅದಕ್ಕೆ ವೇಡರ್ ಎನ್ನುತ್ತಾರೆ. ಮೇಲೆ ಬೆಲ್ಟು ಬಿಗಿದಿದ್ದರೆ ಕಾಲು ಜಾರಿ ಬಿದ್ದರೂ ನೀರು ಒಳಗೆ ನುಗ್ಗುವುದಿಲ್ಲ. ಬಿಗಿಯದಿದ್ದರೆ ವೇಡರ್ ತುಂಬಿ ಮನುಷ್ಯನನ್ನು ತಳಕ್ಕೆಳೆಯುತ್ತದೆ. ಮುರಿಗೆಪ್ಪನವರ ಹೆಣದ ಸೊಂಟದಲ್ಲಿ ಬೆಲ್ಟಿರಲಿಲ್ಲ. ಅದು ಲಾಡ್ಜಿನಲ್ಲಿ ತಂದೆ ಮಗ ಇಬ್ಬರೂ ಇದ್ದ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತಣ್ಣಗೆ ನೇತಾಡುತ್ತಿತ್ತು. ಬೆಳಿಗ್ಗೆ ಹೊರಡುವಾಗ ಮರೆತಿದ್ದಾರೆ ಎಂದು ವರದಿ ಬರೆದವರು ಬರೆದಿದ್ದರು.

ಇನ್ನೊಬ್ಬರದರ ಜೊತೆ ಅದಲುಬದಲಾಗಬಾರದೆಂದು ರತ್ನವ್ವ ಅದರ ಮೇಲೆ ಕೆಂಪು ದಾರದಲ್ಲಿ ಕಸೂತಿಯ ಗೋಪುರಗಳನ್ನು ಸಾಲಾಗಿ ಹಾಕಿದ್ದಳು. ಧಾರವಾಡದಲ್ಲಿ ಸೀರೆಗೆ ಹಾಕುವ ಕಸೂತಿ. ಅದನ್ನು ನೋಡಿ ನೀರಜಾಳಿಗೂ ಅಳು ಬಂದಿತ್ತು.

ಶ್ರೀರಂಗರ ಬಾಗಿಲು ತೆಗೆದವಳು ಅವರ ಹೆಂಡತಿ ಪ್ರಭಾ. ಇಪ್ಪತ್ತೈದು ವರ್ಷದ ಗೆಳತಿ. “ಬಾರೇ, ಫೋನೂ ಮಾಡ್ದೆ ಬಂದಿದೀಯ,” ಎಂದಳು. ಸ್ವರದಲ್ಲಿ ಪ್ರೀತಿಯಿತ್ತು, ಕಣ್ಣಿನಲ್ಲಿ ಬೇರೆ ಏನೋ ಇತ್ತು. ಫೋನು ಮಾಡದೆ ಯಾರೂ ಯಾರ ಮನೆಗೂ ಹೋಗದ ಇಂಗ್ಲಿಷರ ಊರಿದು.

ಹಜಾರದಲ್ಲಿ ಬೆಂಕಿಗೂಡಿನ ಮೇಲೆ, ಮೊದಲು ರಂಗನಾಥಸ್ವಾಮಿಯ ದೊಡ್ಡ ಪಟವಿದ್ದ ಜಾಗದಲ್ಲಿ, ಈಗ ಮೀನಿತ್ತು. ಸ್ವಾಮಿ ಮೆಟ್ಟಿಲ ಪಕ್ಕದ ಗೋಡೆಗೆ ವರ್ಗವಾಗಿದ್ದ.

ಎರಡಡಿ ಅಗಲದ ಫೋಟೋ. ಮೊಣಕಾಲ ನೀರಿನಲ್ಲಿ ನಿಂತ ಡಾಕ್ಟರ್ ಶ್ರೀರಂಗ, ಅವರ ಎರಡು ಕೈ ತುಂಬಾ ಬೆಳ್ಳಿಯಂಥ ಒಂದು ಮೀನು. ಇಪ್ಪತ್ತನಾಲ್ಕು ಪೌಂಡು. ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಕೊಬ್ಬಿ, ಮೊಟ್ಟೆಯಿಡಲು ಮತ್ತೆ ನದಿಗೆ ಮರಳುವ ಬ್ರೌನ್ ಟ್ರೌಟ್. ಇದನ್ನು ಹಿಡಿಯುವ ವಿದ್ಯೆಯೇ ಬೇರೆ. ಎರೆಹುಳು ಗಿರೆಹುಳು ನಡೆಯುವುದಿಲ್ಲ. ಕೊಕ್ಕೆಗೆ ಗರಿ ಮತ್ತು ದಾರ ಸುತ್ತಿ ಒಂದು ಹುಸಿ ನೊಣ ಮಾಡಿ, ಉದ್ದನೆಯ ಕೋಲಿನಿಂದ ಅದನ್ನು ಗಾಳಿಯಲ್ಲಿ ಬೀಸಿ ಬೀಸಿ ನೀರಿಗೆ ಬೀಳಿಸಬೇಕು. ದಿನವಿಡೀ ಬೀಸಿ ಒಂದು ಸಿಕ್ಕರೆ ಪುಣ್ಯ. ಸಿಕ್ಕ ಮೇಲೆ ಏನು ಮಾಡುತ್ತಾರೆ? ಒಂದು ಫೋಟೋ ತೆಗೆಸಿಕೊಂಡು ಬಿಟ್ಟುಬಿಡುತ್ತಾರೆ.

ಈ ಬಿಟ್ಟುಬಿಡುವ ನಿಯಮದಿಂದಲೇ ಜನ್ಮದಲ್ಲಿ ಮೀನು ತಿನ್ನದ ಇಬ್ಬರು ಕನ್ನಡದ ಡಾಕ್ಟರುಗಳು ಈ ಹುಚ್ಚಿಗೆ ಬಿದ್ದಿದ್ದರು. ಒಬ್ಬರು ಮೈಸೂರಿನ ಅಯ್ಯಂಗಾರರು, ಇನ್ನೊಬ್ಬರು ಧಾರವಾಡದ ಲಿಂಗಾಯತರು. ಹಿಡಿದು ಬಿಡುವುದಕ್ಕೆ ಏಳು ಸಮುದ್ರ ದಾಟಬೇಕೇ ಎಂದು ಕನ್ನಡ ಸಂಘದಲ್ಲಿ ನಗದವರಿಲ್ಲ.

“ಮತ್ಸ್ಯಾವತಾರ ಅಂದ್ಕೊಂಡು ಕೈಮುಗೀತೀನಿ, ಇನ್ನೇನ್ ಮಾಡ್ಲಿ,” ಎಂದು ಪ್ರಭಾ ಕಾಫಿಗೆ ಒಳಗೆ ಹೋದಳು.

ನೀರಜಾ ಫೋಟೋದ ಎದುರು ನಿಂತಳು. ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಅವಳು ಕಲಿಸುತ್ತಿದ್ದ ಮೊದಲ ಪಾಠ, ಸ್ಲೈಡನ್ನು ಅಂಚಿನಿಂದ ನೋಡು ಎಂಬುದು. ನಡುವೆ ಇರುವುದು ತಾನಾಗಿ ಕಾಣುತ್ತದೆ, ಕಾಯಿಲೆ ಅವಿತಿರುವುದು ಅಂಚಿನಲ್ಲಿ.

ಅಂಚಿನಲ್ಲೇ ಸಿಕ್ಕಿತ್ತು ಮೊದಲ ಸುಳಿವು. ಯುಗಾದಿಯ ಸಂಘದ ಊಟದಲ್ಲಿ ಶ್ರೀರಂಗ ಈ ಫೋಟೋದ ಸಣ್ಣ ಪ್ರತಿಗಳನ್ನು ಹೋಳಿಗೆಯ ಹಾಗೆ ಹಂಚಿದ್ದರು. ನೀರಜಾಳ ಪಾಲಿನದನ್ನು ಅವಳು ಮರೆತೇ ಬಿಟ್ಟಿದ್ದಳು. ರತ್ನವ್ವ ಬಂದು ಹೋದ ಮೇಲೆ ಹುಡುಕಿ ತೆಗೆದು ಭೂತಗನ್ನಡಿ ಹಿಡಿದಾಗ, ಮೀನಿನ ಬಾಲದ ಬುಡದಲ್ಲಿ ಹುರುಳಿಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು ಐದಾರು ಕಂಡವು. ಒಂದೊಂದಕ್ಕೂ ಹಿಂದೆ ದಾರದಂಥ ಎರಡು ಬಾಲ.

ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಸೋಮವಾರ ವೆಂಬ್ಲಿಯ ಈಲಿಂಗ್ ರೋಡಿಗೆ ತೊಗರಿಬೇಳೆಗೆ ಹೋದವಳು, ಪಕ್ಕದ ಓಣಿಯಲ್ಲಿ ಗಾಳ ದಾರ ಮಾರುವ ಮುದುಕನ ಅಂಗಡಿಗೂ ನುಗ್ಗಿದಳು. ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದು ಬಂದ ಸೀರೆಯ ಹೆಂಗಸನ್ನು ಅವನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಫೋಟೋ ನೋಡಿದ. ಸಮುದ್ರದ ಹೇನು ಎಂದ. ಉಪ್ಪುನೀರಿನಲ್ಲಿ ಮೀನಿಗೆ ಹತ್ತುವ ಹೇನು, ಸಿಹಿನೀರಿಗೆ ಬಂದರೆ ಒಂದೆರಡು ದಿನದಲ್ಲಿ ಉದುರಿಹೋಗುತ್ತದೆ. ಬಾಲವಿರುವ ಹೇನು ಮೈಮೇಲಿದ್ದರೆ ಆ ಮೀನು ನಿನ್ನೆಯಷ್ಟೇ ಸಮುದ್ರ ಬಿಟ್ಟಿದೆ ಎಂದು ಅರ್ಥ.

ಅಷ್ಟು ಸಾಕಾಗಿತ್ತು. ಅದನ್ನೇ ಬರೆದು, ಫೋಟೋವನ್ನೂ ಇಟ್ಟು ಕವರು ಅಂಟಿಸಿದ್ದಳು.

“ಏನ್ ನೀರಜಾ ಅವ್ರೇ, ನನ್ ಮೀನಿಗೆ ದೃಷ್ಟಿ ಹಾಕ್ತಿದೀರಾ?”

ಡಾಕ್ಟರ್ ಶ್ರೀರಂಗ ಮೆಟ್ಟಿಲಿಳಿದು ಬಂದರು. ಅರವತ್ತೆರಡರ ಎತ್ತರದ ಮನುಷ್ಯ. ಆಪರೇಷನ್ ಥಿಯೇಟರಿನಲ್ಲಿ ಸಾವಿರಾರು ಜನರನ್ನು ಮಾತಾಡಿಸುತ್ತಲೇ ಅರಿವಳಿಕೆಗೆ ಜಾರಿಸಿದ ಸ್ವರ. ಆ ಸ್ವರ ಕೇಳಿದರೆ ಯಾರಿಗೂ ನಂಬಿಕೆ ಬರಬೇಕು.  ಈ ಮನೆಯಲ್ಲಿ ನೀರಜಾ ಉಂಡಿದ್ದಾಳೆ, ಗಂಡ ಹೋದಾಗ ಈ ಸೋಫಾದ ಮೇಲೆ ಅತ್ತಿದ್ದಾಳೆ.

“ಡಾಕ್ಟ್ರೇ, ಈ ಮೀನು ಸಿಕ್ಕಿದ್ದು ಎಲ್ಲಿ?”

“ಮೇಲಿನ ಬೀಟ್‌ನಲ್ಲಿ. ಎಲ್ಲಾರ್ಗೂ ಹೇಳಿದೀನಲ್ಲ.”

ಲಾಡ್ಜಿನವರು ನದಿಯನ್ನು ಪಾಲು ಮಾಡಿ ದಿನಕ್ಕೊಬ್ಬರಿಗೆ ಒಂದೊಂದು ಪಾಲು ಕೊಡುತ್ತಾರೆ. ಅದೇ ಬೀಟ್. ಇನ್ನೊಬ್ಬರ ಬೀಟಿಗೆ ಕಾಲಿಡುವುದು ಅವರಲ್ಲಿ ಮಹಾಪರಾಧ. ಅವತ್ತು ಸಮುದ್ರದ ಪಕ್ಕದ ಕೆಳಗಿನ ಬೀಟ್ ಮುರಿಗೆಪ್ಪ ಮತ್ತು ಸೂರಜನದು, ನಲವತ್ತು ಮೈಲಿ ಮೇಲಿನದು ಶ್ರೀರಂಗರದು. ಪುಸ್ತಕದಲ್ಲಿ ಹಾಗೇ ಬರೆದಿತ್ತು, ಶ್ರೀರಂಗರ ಹೇಳಿಕೆಯಲ್ಲೂ ಹಾಗೇ ಇತ್ತು.

“ನಲವತ್ತು ಮೈಲಿ ಈಜಿ ಬರೋಕೆ ಈ ಮೀನಿಗೆ ಎಷ್ಟು ದಿನ ಬೇಕು?”

“ವಾರ. ಹೆಚ್ಚೂಕಮ್ಮಿ.”

“ಹಾಗಾದ್ರೆ ಬಾಲದ ಹತ್ರ ಇರೋದೇನು?”

“ಕೊಳೆ ಇರ್ಬೇಕು,” ಎಂದರು ಶ್ರೀರಂಗ. ಫೋಟೋದ ಕಡೆ ತಿರುಗಿಯೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನನ್ನು ನೀರಜಾ ಕಂಡಿದ್ದಳು. ಹೆಗಲು ಮುಟ್ಟಲೇಬಾರದೆಂದು ಕೈಕಟ್ಟಿ ನಿಂತವರನ್ನು ಈಗ ಕಂಡಳು.

ಅವಳು ಹೇನಿನ ಕಥೆ ಹೇಳಿದಳು. ಈ ಮೀನು ಕೆಳಗಿನ ಬೀಟಿನದು, ಆದ್ದರಿಂದ ಅವತ್ತು ಸಂಜೆ ನೀವು ಕೆಳಗಿನ ಬೀಟಿನಲ್ಲಿದ್ದಿರಿ ಎಂದಳು. ಸೂರಜನ ತಲೆಯ ಮೇಲೆ ಇಡೀ ಗುಡ್ಡ ಬೀಳುತ್ತಿರುವಾಗ ನೀವು ಬಾಯಿಮುಚ್ಚಿ ಕೂತಿದ್ದೀರಿ ಎಂದೂ ಹೇಳಿದಳು. 

ಶ್ರೀರಂಗ ನಿಧಾನವಾಗಿ ನಕ್ಕರು. ಅಂಗಡಿಯ ಮುದುಕ ಸಣ್ಣ ಫೋಟೋದಲ್ಲಿ ಕಂಡ ಚುಕ್ಕೆಗಳನ್ನು ನಂಬಿ ಯಾವ ಕೊರೋನರ್ ಕೂಡ ಒಬ್ಬ ಡಾಕ್ಟರನ್ನು ಸುಳ್ಳುಗಾರ ಅನ್ನುವುದಿಲ್ಲ ಎಂದರು. ಕೆಲವು ಮೀನು ಬೇಗ ಈಜುತ್ತವೆ, ಕೆಲವು ಹೇನು ಬಿಗಿಯಾಗಿ ಹಿಡಿಯುತ್ತವೆ. ಅಪವಾದ ಇಲ್ಲದ ನಿಯಮ ನಿಮ್ಮ ಲ್ಯಾಬಿನಲ್ಲಿತ್ತೇ ಎಂದು ಕೇಳಿದರು.

ಇರಲಿಲ್ಲ. ಅದು ಅವಳಿಗೂ ಗೊತ್ತು. ಬೆಟ್ಟ ಅಗೆದು ಇಲಿ ಹಿಡಿದೆನೇ ಎಂದು ಅವಳಿಗೆ ಅಳುಕಾಯಿತು. ಕವರು ಇಷ್ಟು ಹೊತ್ತಿಗೆ ಡಬ್ಬಿಗೆ ಬಿದ್ದಿರಬೇಕು, ಅದರೊಳಗಿನ ವಾದವನ್ನು ಈ ಮನುಷ್ಯ ಶುಕ್ರವಾರ ಹೀಗೇ ಎರಡು ಮಾತಿನಲ್ಲಿ ಊದಿಬಿಡುತ್ತಾರೆ.

ಅವಳು ಮತ್ತೆ ಫೋಟೋದ ಕಡೆ ತಿರುಗಿದಳು, ಮುಖ ಮರೆಸಿಕೊಳ್ಳಲು. ಅಂಚಿನಿಂದ ಶುರುಮಾಡಿದಳು. ಬಲಗಡೆ ನೀರು. ಕೆಳಗೆ ಗಾಳಿಗೆ ಮಲಗಿದ ಹುಲ್ಲು. ಎಡಗಡೆ ಮೀನಿನ ತಲೆ.

ತಲೆಯ ಮೇಲೆ ಏನೋ ಬೆಳ್ಳಗಿತ್ತು. ತನ್ನ ಸಣ್ಣ ಪ್ರತಿಯಲ್ಲಿ ಅದನ್ನು ಬಿಸಿಲಿನ ಹೊಳಪು ಎಂದುಕೊಂಡಿದ್ದಳು. ಎರಡಡಿಯ ಫೋಟೋದಲ್ಲಿ ಅದು ಹೊಳಪಾಗಿರಲಿಲ್ಲ. ಎರಡು ಕಣ್ಣಿನ ನಡುವೆ, ಕಪ್ಪು ಚರ್ಮದ ಮೇಲೆ, ಅಡ್ಡಡ್ಡ ಮೂರು ಗೆರೆ. ಒದ್ದೆಯಾಗಿ ಸ್ವಲ್ಪ ಹರಡಿದ ಬೂದಿಬಣ್ಣದ ಮೂರು ಗೆರೆ.

 ಭಾನುವಾರ ರತ್ನವ್ವ ಹೊರಡುವಾಗ ಕಣ್ಣೊರೆಸಿಕೊಂಡು ನಗುತ್ತಾ ಹೇಳಿದ ಮಾತೊಂದಿತ್ತು. “ನಮ್ಮವ್ರು ಮೀನ ಬಿಡೂ ಮುಂದ ಅದರ ಹಣೀಗೆ ವಿಭೂತಿ ಹಚ್ಚಿ ಬಿಡ್ತಿದ್ರರಿ. ನೋಯಿಸೇನಿ, ಸಿಟ್ಟಾಗಬ್ಯಾಡ, ಹೋಗಿ ಬಾ ಅಂತಿದ್ರಂತ. ಅಂಗಿ ಕಿಸೆದಾಗ ವಿಭೂತಿ ಗಟ್ಟಿ ಇರೂದ ಇರೂದು.”

“ಪ್ರಭಾ,” ಎಂದು ಕೂಗಿದಳು ನೀರಜಾ. “ಒಂದ್ನಿಮಿಷ ಬಾ ಇಲ್ಲಿ.”

ಪ್ರಭಾ ಕಾಫಿಯ ತಟ್ಟೆ ಹಿಡಿದೇ ಬಂದಳು. ನೀರಜಾ ಮೀನಿನ ಹಣೆಗೆ ಬೆರಳು ತೋರಿಸಿದಳು. ಮೂರು ತಿಂಗಳಿಂದ ದಿನಾ ಒರೆಸುತ್ತಿದ್ದ ಗಾಜಿನೊಳಗೆ ಪ್ರಭಾ ಮೊದಲ ಸಲ ನೋಡಿದಳು. ಹತ್ತಿರ ಹೋದಳು, ಕನ್ನಡಕ ಏರಿಸಿಕೊಂಡು ಇನ್ನೂ ಹತ್ತಿರ ಹೋದಳು. ಕಾಫಿ ತಟ್ಟೆಗೆ ತುಳುಕಿತು.

“ರೀ,” ಎಂದಳು ಗಂಡನ ಕಡೆ ತಿರುಗಿ. “ನಮ್ಮನೇಲಿ ವಿಭೂತಿ ಎಲ್ಲಿಂದ ಬಂತು?”

 ಅಯ್ಯಂಗಾರರ ಮನೆಯ ಗಂಡು, ತೆಂಗಲೆ ನಾಮದವರು. ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ವಿಭೂತಿ ಮುಟ್ಟದ ಬೆರಳು ಅಲ್ಲಿ, ಮೀನಿನ ಹೊಟ್ಟೆಯಡಿ, ಸ್ಪಷ್ಟವಾಗಿ ಕಾಣುತ್ತಿತ್ತು. ಹೇನಿಗೆ ಅಪವಾದವಿರಬಹುದು. ಇದಕ್ಕೆಲ್ಲಿಯ ಅಪವಾದ?

ಶ್ರೀರಂಗ ಕೂತರು. ಕೂತ ಮೇಲೆ ಅಷ್ಟು ಎತ್ತರದವರಾಗಿ ಕಾಣಲಿಲ್ಲ.

“ಮೀನು ಮುರಿಗೆಪ್ಪಂದು,” ಎಂದರು. “ನಾನು ಹಿಡ್ದಿದ್ದಲ್ಲ.”

ಮೆಲ್ಲಗೆ, ಒಂದೊಂದಾಗಿ ಹೊರಬಂತು. ಎರಡು ವರ್ಷ ಆ ನದಿಗೆ ಹೋಗಿ ಅವರಿಗೆ ಒಂದೂ ದೊಡ್ಡ ಮೀನು ಸಿಕ್ಕಿರಲಿಲ್ಲ. ಆ ಸಲವೂ ಐದು ದಿನ ಬರಿಗೈ. ಬೇಸರ ಬಂದು ಸಂಜೆ ಐದಕ್ಕೆ ಲಾಡ್ಜಿನ ಹಳೆಯ ಜೀಪು ತೆಗೆದುಕೊಂಡು, ನಿಯಮ ಮುರಿದು ಕೆಳಗಿನ ಬೀಟಿಗೆ ಹೋದರು. ಗೈಡ್ ಜ್ವರ ಬಂದು ಮಲಗಿದ್ದ, ಕೇಳುವವರಿರಲಿಲ್ಲ. ಆರು ಗಂಟೆಯ ಹೊತ್ತಿಗೆ ಮುರಿಗೆಪ್ಪನವರ ಗಾಳಕ್ಕೆ ಇದು ಬಿತ್ತು. ನಲವತ್ತು ನಿಮಿಷ ಎಳೆದಾಡಿ ದಡಕ್ಕೆ ತಂದು, ಹಣೆಗೆ ವಿಭೂತಿ ಹಚ್ಚಿ, ಮುರಿಗೆಪ್ಪ ಗೆಳೆಯನ ಮುಖ ನೋಡಿದರಂತೆ.

“ನೀ ಹಿಡಕೋ ಶ್ರೀರಂಗ, ಪ್ರಭಾಗ ತೋರ್ಸೀಯಂತ, ಅಂದ. ನಾನು ಹಿಡ್ಕೊಂಡೆ.” ಶ್ರೀರಂಗ ತಮ್ಮ ಎರಡು ಅಂಗೈ ನೋಡಿಕೊಂಡರು. “ಅಷ್ಟೇ ಆಗಿದ್ದು. ಲಾಡ್ಜಿಗೆ ಬಂದು ನನ್ನ ಹೆಸರಲ್ಲೇ ಬರ್ಸಿದೆ. ಬೆಳಿಗ್ಗೆ ಅವನೇ ಎಲ್ಲರೆದುರು ನಕ್ಕು ನಿಜ ಹೇಳ್ತಾನೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಅವನು ಬರ್ಲಿಲ್ಲ, ಅವನ ಹೆಣ ಬಂತು.”

ಪ್ರಭಾ ಸದ್ದಿಲ್ಲದೆ ಅಳುತ್ತಿದ್ದಳು. ಗಂಡ ಸುಳ್ಳು ಹೇಳಿದ್ದಕ್ಕೋ, ಸತ್ತ ಗೆಳೆಯನ ಮೀನನ್ನು ದೇವರ ಜಾಗದಲ್ಲಿ ತೂಗುಹಾಕಿದ್ದಕ್ಕೋ ತಿಳಿಯಲಿಲ್ಲ.

ನೀರಜಾಳಿಗೆ ಮಾತ್ರ ಎದೆಯ ಭಾರ ಇಳಿದಂತಾಯಿತು. ಸೂರಜ ಉಳಿದ. ರತ್ನವ್ವನಿಗೆ ಇವತ್ತೇ ಫೋನು ಮಾಡಬೇಕು. ಹೇಳಿಕೆಯನ್ನು ನಾಳೆ ಬೆಳಿಗ್ಗೆಯೇ ತಿದ್ದಿಸಬೇಕು ಎಂದು ಶ್ರೀರಂಗರಿಗೆ ಹೇಳಿದಳು. ನೀವು ಕೆಳಗಿನ ಬೀಟಿನಲ್ಲಿದ್ದಿರಿ, ಮುರಿಗೆಪ್ಪನವರನ್ನು ಕೊನೆಗೆ ನೋಡಿದ್ದು ನೀವು, ಸೂರಜ ಅಲ್ಲ. ಅಷ್ಟು ಹೇಳಿದರೆ ಸಾಕು ಎಂದಳು.

ಶ್ರೀರಂಗ ತಲೆಯೆತ್ತಿ ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಕ್ಕಿಬಿದ್ದವನ ಭಯವಿರಲಿಲ್ಲ. ಮರುಕವಿತ್ತು. ನೀರಜಾಳಿಗೆ ಹೆದರಿಕೆಯಾದದ್ದು ಆಗ.

“ನೀರಜಾ ಅವ್ರೇ, ನೀವು ಅಂಚು ಅಂಚು ಅಂತೀರಿ. ಒಂದು ಕೇಳ್ಲಿಲ್ಲ ನೀವು. ನಾನು ಮೀನು ಹಿಡ್ಕೊಂಡು ನಿಂತಿದೀನಿ. ಮುರಿಗೆಪ್ಪ ನನ್ನ ಬಲಕ್ಕೆ, ನೀರಲ್ಲಿ, ಫೋಟೋಕ್ಕೆ ಬೀಳದ ಹಾಗೆ ನನ್ನ ತೋಳು ಹಿಡ್ಕೊಂಡಿದಾನೆ, ಜಾರ್ಬಾರ್ದು ಅಂತ. ಕ್ಯಾಮೆರಾ ಯಾರ ಕೈಲಿತ್ತು?”

ಗಡಿಯಾರ ಐದು ಹೊಡೆಯಿತು. 

ಶ್ರೀರಂಗ ಎದ್ದು ಮೂಲೆಯ ಬರೆಯುವ ಮೇಜಿನ ಬೀಗ ತೆಗೆದರು. ಔಷಧದ ದಪ್ಪ ಪುಸ್ತಕವೊಂದರ ನಡುವಿನಿಂದ ಒಂದು ಫೋಟೋ, ನಾಲ್ಕು ಚಿತ್ರದ ಒಂದು ನೆಗೆಟಿವ್ ಪಟ್ಟಿ ಹೊರಬಂದವು. ಎರಡನ್ನೂ ಅವಳ ಮುಂದಿನ ಟೀಪಾಯಿಯ ಮೇಲಿಟ್ಟರು.

ನೀರಜಾ ಮೊದಲು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಅಚ್ಚಾದ ಅಂಕಿಯ ಪ್ರಕಾರ ಹದಿನಾಲ್ಕನೆಯದು ಗೋಡೆಯ ಮೇಲಿನ ಫೋಟೋ. ಹದಿನೈದು, ನೀರಿಗೆ ಮರಳುತ್ತಿರುವ ಮೀನು. ಹದಿನಾರರಲ್ಲಿ ಇಬ್ಬರು ಮನುಷ್ಯರು. ಹದಿನೇಳು ಖಾಲಿ. ಒಂದೇ ಪಟ್ಟಿ, ಕತ್ತರಿಸಿಲ್ಲ, ಅಂಟಿಸಿಲ್ಲ. ಹಿಂದು ಮುಂದು ಮಾಡಲು ಸಾಧ್ಯವೇ ಇಲ್ಲ.

ಆಮೇಲೆ ಫೋಟೋ ನೋಡಿದಳು. ಹದಿನಾರರದು.

ತಂದೆ ಮಗ. ಮುರಿಗೆಪ್ಪ ನಗುತ್ತಿದ್ದಾರೆ, ಬೆರಳಿನಲ್ಲಿ ಇನ್ನೂ ವಿಭೂತಿ ಹತ್ತಿದೆ. ಅವರ ಹೆಗಲ ಮೇಲೆ ಕೈಹಾಕಿ ಸೂರಜ ನಿಂತಿದ್ದಾನೆ. ನಾಲ್ಕಕ್ಕೇ ಹೊರಟು ಕೋಣೆಯಲ್ಲಿ ಮಲಗಿದ್ದ ಸೂರಜ, ಸಂಜೆ ಏಳರ ಓರೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾನೆ.

“ಇದು ನಾನು ತೆಗೆದಿದ್ದು. ನನ್ನ ಫೋಟೋ ಅವನು ತೆಗೆದ, ಅವರದ್ದು ನಾನು ತೆಗೆದೆ,” ಎಂದರು ಶ್ರೀರಂಗ. “ತೆಗೆದು ಹೊರಟುಬಂದೆ. ಹೊರಡುವಾಗ ಇಬ್ಬರೂ ಚೆನ್ನಾಗೇ ಇದ್ರು. ನಾಲ್ಕು ತಿಂಗಳಿಂದ ನಾನು ಬಾಯಿ ಬಿಡದೇ ಇರೋದು ಬರೀ ಆ ಮೀನಿಗೋಸ್ಕರ ಅಂದ್ಕೊಂಡ್ರಾ? ನಾನು ಅಲ್ಲಿದ್ದೆ ಅಂದ್ರೆ, ಇನ್ಯಾರಿದ್ರು ಅಂತ ಕೇಳ್ತಾರೆ.”

ನೀರಜಾ ಕೇಳುತ್ತಿರಲಿಲ್ಲ. ಅವಳ ಕಣ್ಣು ಫೋಟೋದ ಅಂಚಿನಿಂದ ಒಳಗೆ ಸರಿದು, ಮುರಿಗೆಪ್ಪನವರ ಸೊಂಟಕ್ಕೆ ಬಂದು ನಿಂತಿತ್ತು.

ಅಲ್ಲಿ ಬೆಲ್ಟಿತ್ತು. ಬಿಗಿದ ಬೆಲ್ಟು. ಅದರ ಮೇಲೆ ಕೆಂಪು ದಾರದ ಗೋಪುರಗಳ ಸಾಲು.

ಬೆಳಿಗ್ಗೆ ಮರೆತು ಬಂದ ಬೆಲ್ಟು. ದಿನವಿಡೀ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದ್ದ ಬೆಲ್ಟು. ರತ್ನವ್ವ ಭಾನುವಾರ ತನ್ನ ಅಡುಗೆಮನೆಯಲ್ಲಿ ಎದೆಗೊತ್ತಿಕೊಂಡ ಬೆಲ್ಟು. ಸಂಜೆ ಏಳಕ್ಕೆ ಅದು ಮುರಿಗೆಪ್ಪನವರ ಮೈಮೇಲಿತ್ತು, ಬೆಳಿಗ್ಗೆ ಹೆಣದ ಮೇಲಿರಲಿಲ್ಲ. ನದಿಯಿಂದ ಲಾಡ್ಜಿಗೆ ಅದು ತಾನಾಗಿ ನಡೆದು ಹೋಗಲಿಲ್ಲ.

“ಬೆಳಿಗ್ಗೆ ಹೆಣಕ್ಕೆ ಉಡ್ಸೋಕೆ ಬಟ್ಟೆ ತರೋಣ ಅಂತ ಅವರ ಕೋಣೆಗೆ ಹೋದೆ,” ಎಂದರು ಶ್ರೀರಂಗ. “ಬಾಗಿಲ ಹಿಂದೆ ನೇತಾಡ್ತಿತ್ತು. ಮುರಿಗೆಪ್ಪ ಹೋದ. ಅವನ ಮಗನ್ನ ನನ್ನ ಬಾಯಾರೆ ನಾನೇ ಜೈಲಿಗೆ ಕಳಿಸ್ಬೇಕಿತ್ತಾ?”

 ನೀರಜಾಳನ್ನು ಲ್ಯಾಬಿನ ಹಳೆಯ ಚಾಳಿ ಬಿಡಲಿಲ್ಲ. “ಕೋಣೆಗೆ ನೀವೂ ಹೋಗಿದ್ರಿ ಅಂದ ಹಾಗಾಯ್ತು,” ಎಂದಳು. “ನೀವು ಹೋಗೋ ಮೊದ್ಲೇ ಬೆಲ್ಟು ಅಲ್ಲಿತ್ತು ಅನ್ನೋದಕ್ಕೆ ನಿಮ್ಮ ಮಾತೊಂದೇ.”

ಶ್ರೀರಂಗ ಔಷಧದ ಪುಸ್ತಕ ಮುಚ್ಚಿಟ್ಟರು. ಒಮ್ಮೆ ಸುಳ್ಳು ಹೇಳಿದವರು. ಇದು ನಿಜವೋ, ಮೊದಲಿನದಕ್ಕಿಂತ ಚೆನ್ನಾಗಿ ಹೊಲಿದ ಇನ್ನೊಂದು ಸುಳ್ಳೋ, ಆ ಮುಖದಲ್ಲಿ ಓದಲು ಅವಳಿಂದಾಗಲಿಲ್ಲ. ಸ್ಲೈಡಿನ ಮೇಲಿನ ಜೀವಕೋಶ ನಟಿಸುವುದಿಲ್ಲ, ಮನುಷ್ಯ ನಟಿಸುತ್ತಾನೆ.

ಒಂದು ಮಾತ್ರ ನಿಜ. ಫೋಟೋ ಸುಳ್ಳು ಹೇಳುತ್ತಿರಲಿಲ್ಲ. ನಾಲ್ಕಕ್ಕೆ ಹೊರಟೆ ಎಂದ ಸೂರಜ ಏಳಕ್ಕೆ ಅಲ್ಲೇ ಇದ್ದ. ಕವರು ಶುಕ್ರವಾರ ತೆರೆದರೆ ಕೊರೋನರ್ ಶ್ರೀರಂಗರನ್ನು ಕೇಳುವ ಮೊದಲ ಪ್ರಶ್ನೆ, ಕ್ಯಾಮೆರಾ ಯಾರ ಕೈಲಿತ್ತು ಎಂಬುದೇ. ಪ್ರಮಾಣ ಮಾಡಿದ ಮೇಲೆ ಶ್ರೀರಂಗ ಹೇಳಲೇಬೇಕು. ಮಗನನ್ನು ಉಳಿಸಿಕೊಡಿ ಎಂದು ರತ್ನವ್ವ ಸೆರಗೊಡ್ಡಿ ಕೇಳಿದ್ದಳು. ಅವನನ್ನು ಕೈಹಿಡಿದು ನದಿಯ ದಡಕ್ಕೆ ಮತ್ತೆ ನಿಲ್ಲಿಸಿ ಬಂದದ್ದು ತಾನೇ.

ಐದೂವರೆಗೆ ಟಪಾಲು. ಈಗ ಐದೂ ಹತ್ತು. ಓಡಿ ಹೋಗಿ ಡಬ್ಬಿಯ ಮುಂದೆ ನಿಂತು, ಟಪಾಲಿನವನ ಕೈಕಾಲು ಹಿಡಿದಾದರೂ ಆ ಕವರು ವಾಪಸು ಪಡೆಯಬೇಕು ಎಂಬ ಹುಚ್ಚು ಯೋಚನೆ ಅವಳಿಗೆ ಬಂತು. ಮರುಕ್ಷಣ, ಯಾಕೆ ಪಡೆಯಬೇಕು ಎಂದೂ ಅನಿಸಿತು. ತಾನು ಉಳಿಸಲು ಹೊರಟಿದ್ದು ಯಾರನ್ನು? ಮೂರು ದಿನದಿಂದ ತನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತಿರುಗಾಡಿಸಿದ ಈ ಮೆದು ಮಾತಿನ ಹುಡುಗ, ತನ್ನ ಒಂದೊಂದು ಸುಳಿವನ್ನೂ ತನ್ನ ಬಾಯಿಂದಲೇ ಕೇಳಿಕೊಂಡಿದ್ದ.

ಬಾಗಿಲಿನ ಗಂಟೆ ಸದ್ದಾಯಿತು.

ಪ್ರಭಾ ಕಣ್ಣೊರೆಸಿಕೊಂಡು ಹೋಗಿ ತೆಗೆದಳು. ಸೂರಜ ನಿಂತಿದ್ದ. ಶೂ ಬಿಚ್ಚಿ, ಒಳಗೆ ಬಂದು, ಹಜಾರದ ಹೊಸ್ತಿಲಲ್ಲಿ ನಿಂತ. ಶ್ರೀರಂಗರನ್ನು ನೋಡಿದ. ಟೀಪಾಯಿಯ ಮೇಲಿನ ನೆಗೆಟಿವ್ ಪಟ್ಟಿ ನೋಡಿದ. ನೀರಜಾ ಹದಿನಾರನೆಯ ಫೋಟೋವನ್ನು ಗೊತ್ತಿಲ್ಲದೆಯೇ ಸೆರಗಿನೊಳಗೆ ಎಳೆದುಕೊಂಡಿದ್ದಳು.

ಅವನ ಕೈಯಲ್ಲಿ ಕಂದು ಕವರಿತ್ತು. ಅಂಟಿಸಿದ ತುದಿ ಹರಿದಿತ್ತು.

“ಐ ಡಿಡಂಟ್ ಪೋಸ್ಟ್ ಇಟ್, ಆಂಟಿ.”

 ಅವನೇ ಒಂದು ಹೆಜ್ಜೆ ಮುಂದೆ ಬಂದ. ಹುಟ್ಟಿದಾಗಿನಿಂದ ನೀರಜಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗ, ಮೊದಲ ಬಾರಿಗೆ ಬಾಯಿ ತೆರೆದು ತನ್ನ ತಾಯಿಯ ಕನ್ನಡದಲ್ಲಿ ಮಾತಾಡಿದ.

“ಬೆಲ್ಟ್ ನಾ ಬಿಚ್ಚಿದ್ದಲ್ಲ, ಆಂಟಿ. ಅಪ್ಪಾನ ಬಿಚ್ಚಿ ನನ್ನ ಕೈಯಾಗ ಕೊಟ್ಟ. ಅವ್ವಗ ಹೇಳಬ್ಯಾಡ ಅಂದ.”

ಬೆಲ್ಟು ಬಿಚ್ಚಿದ ಮಾತನ್ನು ಅವನೆದುರು ಇನ್ನೂ ಯಾರೂ ಎತ್ತಿರಲಿಲ್ಲ.